ಪುಟ್ಟ ಮಕ್ಕಳ ಜೊತೆ ಕಿರು ಚಾರಣ: ಹತ್ತಿರದಲ್ಲೇ ಇರುವ ಪ್ರಶಾಂತ ಪಾರ್ಕ್ ಹುಡುಕುವುದು ಹೇಗೆ

ಮೂರು ವರ್ಷದ ಮಗುವಿನ ಜೊತೆ ಒಂದು ಕಿಲೋಮೀಟರ್ ಕಾಲುದಾರಿ ನಡೆಯಲು ಒಂದು ಗಂಟೆ ಇಟ್ಟುಕೊಳ್ಳಿ. ಇರುವೆ ಸಾಲು ಕಂಡಲ್ಲಿ ಮಗು ಕುಕ್ಕರಗಾಲಲ್ಲಿ ಕೂರುತ್ತದೆ, ಕೋಲು ಸಿಕ್ಕರೆ ಎತ್ತಿಕೊಳ್ಳುತ್ತದೆ, ಒಂದೇ ಮೆಟ್ಟಿಲನ್ನು ನಾಲ್ಕು ಸಲ ಹತ್ತಿಳಿಯುತ್ತದೆ. ಸ್ಕಾಟ್ಲೆಂಡಿನ ಚಾರಣಿಗ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ದೊಡ್ಡವರು ಇಂದಿಗೂ ಬಳಸುತ್ತಾರೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮಕ್ಕಳಿದ್ದಾಗ ಅದು ನಡೆಯುವುದಿಲ್ಲ. ಮೊದಲ ಸಲಕ್ಕೆ 3–4 ವರ್ಷದವರಿಗೆ ಹೋಗಿಬರುವುದೂ ಸೇರಿ ಒಂದೂವರೆ ಕಿ.ಮೀ., 5–7 ವರ್ಷದವರಿಗೆ 3 ಕಿ.ಮೀ. ಸಾಕು. ಇಷ್ಟಕ್ಕೆ ದೂರದ ಬೆಟ್ಟ ಯಾಕೆ? ಜನ ಕಡಿಮೆ ಬರುವ ಹತ್ತಿರದ ಪಾರ್ಕೇ ಒಳ್ಳೆಯದು.

ಹೆಸರುವಾಸಿ ಜಾಗಗಳ ಪಟ್ಟಿ ಬದಿಗಿಟ್ಟು ನಕ್ಷೆ ತೆರೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಸಿರು ಜಾಗಗಳನ್ನು ಹಿಗ್ಗಿಸಿ ನೋಡಿದರೆ ಕಾಲುದಾರಿಗಳು ತುಂಡು ಗೆರೆಗಳಾಗಿ ಕಾಣುತ್ತವೆ. ಎತ್ತರ ತೋರಿಸುವ ಗೆರೆಗಳಿರುವ ನಕ್ಷೆಯನ್ನೂ ನೋಡಿ; ಆ ಗೆರೆಗಳು ಒತ್ತೊತ್ತಾಗಿರುವ ಕಡೆ ಏರು ಕಡಿದು. ಅಂಥ ದಾರಿ ಬಿಡಿ. ಆಮೇಲೆ ಮಕ್ಕಳನ್ನು ಬಿಟ್ಟು ಒಮ್ಮೆ ಹೋಗಿಬನ್ನಿ, ಅದೂ ನೀವು ಮುಂದೆ ಹೋಗಲಿರುವ ವಾರದ ದಿನ, ಅದೇ ಹೊತ್ತಿಗೆ. ಬುಧವಾರ ಬೆಳಿಗ್ಗೆ ನಿಶ್ಶಬ್ದವಾಗಿದ್ದ ದಾರಿಯಲ್ಲಿ ಭಾನುವಾರ ಸಂಜೆ ಸೈಕಲ್‌ಗಳು ರಭಸದಿಂದ ಬರಬಹುದು. ಶೌಚಾಲಯ ತೆರೆದಿದೆಯೇ, ನೆರಳು ಎಲ್ಲಿ ಮುಗಿಯುತ್ತದೆ, ಕೊಳದ ಅಂಚಿಗೆ ತಡೆ ಇದೆಯೇ, ಗೇಟು ಎಷ್ಟಕ್ಕೆ ಮುಚ್ಚುತ್ತದೆ, ಮರದ ಟೊಂಗೆಯಲ್ಲಿ ಜೇನುಗೂಡು ಇದೆಯೇ ಎಂಬುದನ್ನೆಲ್ಲ ನೋಡಿಕೊಳ್ಳಿ. ಅಂಚಿಗೆ ತಡೆಯಿಲ್ಲದ ನೀರಿದ್ದರೆ ಒಂದು ಮಗುವಿಗೆ ಒಬ್ಬ ದೊಡ್ಡವರು ಇರಲೇಬೇಕು.

ಸುತ್ತು ಹಾಕಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಹಿಂದಿರುಗುವುದು ಮೇಲು. ಸುತ್ತುದಾರಿಯ ನಡುವೆ ಮಗು ಸೋತರೆ ಮುಂದೆ ಹೋದರೂ ಹಿಂದೆ ಬಂದರೂ ದೂರ ಅಷ್ಟೇ. 15 ಕಿಲೋ ಮಗುವನ್ನು ಹೊತ್ತು ಬರಬೇಕಾಗುತ್ತದೆ. ಇಟ್ಟುಕೊಂಡ ಸಮಯದ ಮೂರನೇ ಒಂದು ಪಾಲು ಮುಗಿಯುತ್ತಲೇ ತಿರುಗಿ, ಮಗು ಇನ್ನೂ ಕುಣಿಯುತ್ತಿದ್ದರೂ ಸರಿ. ಎಡವಿ ಬೀಳುವುದು ಹೆಚ್ಚಾಗಿ ವಾಪಸ್ ಬರುವಾಗ, ಕಾಲು ಸೋತು ಇಳಿಜಾರಿನಲ್ಲಿ ಹಿಡಿತ ತಪ್ಪಿದಾಗ.

ಇಳಿಜಾರಿನಲ್ಲಿ ನೀವು ತಗ್ಗಿನ ಕಡೆ, ಮಗು ಮೇಲಿನ ಕಡೆ. ಜಾರಿದಾಗ ಮುಂಗೈ ಹಿಡಿದು ಜಗ್ಗಿ ಎತ್ತಬೇಡಿ. ಐದು ವರ್ಷದೊಳಗಿನ ಮಕ್ಕಳ ಮೊಣಕೈ ಮೂಳೆಯನ್ನು ಸುತ್ತಿ ಹಿಡಿಯುವ ಕಟ್ಟು ಇನ್ನೂ ಸಡಿಲ. ಒಂದೇ ಜಗ್ಗಿಗೆ ಮೂಳೆ ಸರಿದು, ಮಗು ಕೈ ಎತ್ತಲಾರದೆ ಅಳುತ್ತದೆ. ಕಂಕುಳಿಗೆ ಕೈ ಕೊಟ್ಟು ಎತ್ತಿ.

ಹೊಸ ಶೂ ಬೇಡ. ನಾಲ್ಕು ದಿನ ಮನೆಯ ಸುತ್ತ ಹಾಕಿ ಪಳಗಿದ, ಬೆರಳ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಜಾಗವಿರುವ, ಮುಂಭಾಗ ಮುಚ್ಚಿದ ಶೂ ಹಾಕಿ. ಮಗು ಕಾಲು ಎಳೆಯತೊಡಗಿದರೆ ‘ಇನ್ನೊಂದು ಸ್ವಲ್ಪ ನಡಿ ಪುಟ್ಟ’ ಎನ್ನದೆ ಅಲ್ಲೇ ಕೂರಿಸಿ ಶೂ ಬಿಚ್ಚಿ. ಮರಳು ಕೊಡವಿ, ಹಿಮ್ಮಡಿಯಲ್ಲಿ ಸುಕ್ಕುಗಟ್ಟಿದ ಸಾಕ್ಸ್ ಎಳೆದು ಸರಿಮಾಡಿ, ಚರ್ಮ ಕೆಂಪಾಗಿದ್ದರೆ ಪ್ಲಾಸ್ಟರ್ ಅಂಟಿಸಿ. ಗುಳ್ಳೆ ಎದ್ದಮೇಲೆ ಯಾವ ಸಮಾಧಾನವೂ ಕೆಲಸ ಮಾಡುವುದಿಲ್ಲ.

ಎರಡು ಗಂಟೆಯ ನಡಿಗೆಗೆ ಮಗುವಿಗೆ ಅರ್ಧ ಲೀಟರ್ ನೀರು, ಬಿಸಿಲಿದ್ದರೆ ಇನ್ನೂ ಹೆಚ್ಚು. ಬಾಯಾರಿಕೆ ಎನ್ನುವವರೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸಿ. ಒಂದು ಜೊತೆ ಬಟ್ಟೆ, ಎರಡು ಜೊತೆ ಸಾಕ್ಸ್, ಒದ್ದೆ ಬಟ್ಟೆಗೊಂದು ಚೀಲ, ಅಷ್ಟು ಸಾಕು. ಬೆನ್ನಿನ ಕ್ಯಾರಿಯರ್‌ನಲ್ಲಿ ಕೂತ ಕೂಸು ನಡೆಯುತ್ತಿಲ್ಲ ಎಂಬುದು ನೆನಪಿರಲಿ. ನಿಮಗೆ ಬೆವರುತ್ತಿದ್ದರೂ ಅದಕ್ಕೆ ಚಳಿಯಾಗುತ್ತಿರಬಹುದು; ಕೈಕಾಲು ಮುಟ್ಟಿ ನೋಡುತ್ತಿರಿ.

ಎದ್ದು ಕಾಣುವ ಬಣ್ಣದ ಬಟ್ಟೆ ಹಾಕಿ, ಕೊರಳಿಗೊಂದು ವಿಷಲ್ ಕೊಡಿ. ದಾರಿ ತಪ್ಪಿದರೆ ಹತ್ತಿರದ ಮರದ ಬಳಿ ನಿಂತು ಮೂರು ಸಲ ಊದಬೇಕು, ಅಲ್ಲಿಂದ ಕದಲಬಾರದು ಎಂದು ಹೊರಡುವ ಮೊದಲೇ ಆಡಿಸಿ ಕಲಿಸಿ. ಗುಡುಗು ಕೇಳಿದರೆ ಮಾತ್ರ ಮರದಡಿ ನಿಲ್ಲದೆ ಕಟ್ಟಡಕ್ಕೋ ಕಾರಿಗೋ ಸೇರಿಕೊಳ್ಳಿ; ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಬರಬೇಡಿ.

ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸುತ್ತಾ ಉಣ್ಣಿ ಹುಡುಕಿ: ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದು, ಮೊಣಕಾಲ ಹಿಂಭಾಗ. ಕಚ್ಚಿಕೊಂಡಿದ್ದರೆ ಎಣ್ಣೆ ಸುರಿಯಬೇಡಿ, ಸುಡಬೇಡಿ. ಚೂಪು ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನಿಧಾನವಾಗಿ ನೇರ ಎಳೆದು, ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಮುಂದಿನ ಕೆಲ ವಾರಗಳಲ್ಲಿ ಜ್ವರವೋ ಕೆಂಪು ಕಲೆಯೋ ಕಂಡರೆ ವೈದ್ಯರಿಗೆ ಉಣ್ಣಿ ಕಚ್ಚಿದ ದಿನಾಂಕ ತಿಳಿಸಿ.