ಕುಬ್ಜ ಗೆಲಾಕ್ಸಿಯ ರೇಡಿಯೊ ಚುಕ್ಕಿ

ಸಂಡೂರಿನ ಅದಿರು ಲಾರಿಗಳು ಸಾಲುಗಟ್ಟಿದರೆ ನಮ್ಮ ಬಳ್ಳಾರಿ ಕಡೆ ನಕ್ಷತ್ರ ಮಸುಕು. ಕುಬ್ಜ ಗೆಲಾಕ್ಸಿಗಳೊಳಗೂ ದೂಳಿದೆ, ಆದರೆ ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಗೆ ಅದು ಲೆಕ್ಕಕ್ಕೇ ಇಲ್ಲ. ಸೂರ್ಯನ ನೂರರಿಂದ ಲಕ್ಷ ಪಟ್ಟು ತೂಗುವ ಮಧ್ಯಮ ಕಪ್ಪುಕುಳಿಗಳನ್ನು ರೇಡಿಯೊದಲ್ಲಿ ಹುಡುಕುವುದಕ್ಕೆ ಅದೂ ಒಂದು ಕಾರಣ.

ರೇಡಿಯೊ ಸೂಸುವ ಚುಕ್ಕಿ ಸಿಗುತ್ತದೆ, ತಕರಾರು ಅಲ್ಲಿಂದ ಶುರು ನೋಡ್ರಿ. 2020ರಲ್ಲಿ ಖಗೋಳ ವಿಜ್ಞಾನಿ ಏಮಿ ರೈನ್ಸ್ ತಂಡ ಅಮೆರಿಕದ ನ್ಯೂ ಮೆಕ್ಸಿಕೊದ ವಿಎಲ್‌ಎ ಎಂಬ ರೇಡಿಯೊ ದೂರದರ್ಶಕದಲ್ಲಿ 111 ಕುಬ್ಜ ಗೆಲಾಕ್ಸಿ ಜಾಲಾಡಿ, 13ರಲ್ಲಿ ಕಪ್ಪುಕುಳಿ ಎನ್ನಬಹುದಾದ ಚುಕ್ಕಿ ಹಿಡಿಯಿತು. ಆ ಚುಕ್ಕಿಗಳಲ್ಲಿ ಹಲವು ತಮ್ಮ ಗೆಲಾಕ್ಸಿಯ ನಡುಮಧ್ಯದಲ್ಲಿ ಇರಲೇ ಇಲ್ಲ!

ಚುಕ್ಕಿ ಕಪ್ಪುಕುಳಿಯದ್ದೇ ಹೌದೋ ಎಂದು ತಿಳಿಯಲು, ಮೊದಲು ಹೊಸ ನಕ್ಷತ್ರಗಳ ಬಿಸಿ ಅನಿಲ ಎಷ್ಟು ರೇಡಿಯೊ ಸೂಸಬೇಕೆಂದು ಹೈಡ್ರೋಜನ್‌ನ ಕೆಂಪು ರೇಖೆಯಿಂದ ಲೆಕ್ಕ ಹಾಕಬೇಕು. ಆಮೇಲೆ ಎರಡು ಆವರ್ತನದಲ್ಲಿ ಅಳತೆ. ಸೂಪರ್‌ನೋವಾ ಅವಶೇಷವಾದರೆ, ಅಂದರೆ ಸಿಡಿದ ನಕ್ಷತ್ರದ ಉಳಿಕೆಯಾದರೆ, ಆವರ್ತನ ಏರಿದಂತೆ ಹೊಳಪು ಕಡಿದಾಗಿ ಇಳಿಯುತ್ತದೆ, ಕಪ್ಪುಕುಳಿಯ ತಿರುಳು ಹೆಚ್ಚಾಗಿ ಚಪ್ಪಟೆ, ಅಂದರೆ ಹೊಳಪು ಅಷ್ಟಾಗಿ ಬದಲಾಗದು. ಬಿಸಿ ಅನಿಲವೂ ಚಪ್ಪಟೆಯೇ, ಹಾಗಾಗಿ ಇಳಿಜಾರೊಂದನ್ನೇ ನಂಬಿದರೆ ಮೋಸ. ಎರಡೂ ಚಿತ್ರಗಳನ್ನು ಒಂದೇ ಬೀಮ್ (ದೂರದರ್ಶಕ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಚುಕ್ಕೆ) ಅಳತೆಗೆ ತರದಿದ್ದರಂತೂ ಇಳಿಜಾರೇ ಸುಳ್ಳು: ಹೆಚ್ಚಿನ ಆವರ್ತನದಲ್ಲಿ ಹರಡಿದ ಹೊಳಪು ಕಾಣೆಯಾಗಿರುತ್ತದೆ.

ಕೊನೇ ಕಾಟ ಹಿಂದೆಲ್ಲೋ ಇರುವ ಕ್ವೇಸಾರ್‌ಗಳದ್ದು, ಅಂದರೆ ಬಹುದೂರದ ಗೆಲಾಕ್ಸಿಗಳ ಭಾರೀ ಕಪ್ಪುಕುಳಿಗಳ ಸುತ್ತ ಉರಿಯುವ ಹೊಳಪಿನದು. ಆ 13ನ್ನು ಇನ್ನೂ ಸೂಕ್ಷ್ಮವಾಗಿ ನೋಡಬಲ್ಲ ವಿಎಲ್‌ಬಿಎ ಎಂಬ ರೇಡಿಯೊ ದೂರದರ್ಶಕ ಜಾಲದಲ್ಲಿ ನೋಡಿದಾಗ ಕಂಡದ್ದು 4. ಅವೂ ನಡುವಿನಿಂದ ದೂರದವೇ, ಹಿನ್ನೆಲೆಯವು ಇರಬಹುದೆಂಬ ಅನುಮಾನ ಇದ್ದೇ ಇದೆ.