ರಟ್ಟು ಬಾಗಿದ್ದು ಮಳೆಗಲ್ಲ

ಈ ಮಳೆಗಾಲದ ಕಳ್ಳ ಕೊನೆಗೂ ಸಿಕ್ಕಿದ್ದಾನೆ. ಬಿಡುವಿನಲ್ಲಿ ನಾನು ಕೈಯಲ್ಲೇ ಕಟ್ಟಿ ಮಾರುವ ನೋಟ್‌ಬುಕ್ಕುಗಳ ಖಣದ (ಕುಪ್ಪಸದ ಬಟ್ಟೆಯ) ಹೊದಿಕೆಯನ್ನು ಜೂನ್‌ನಿಂದ ಬಾಗಿಸುತ್ತಿದ್ದುದು ಮೈದಾ ಅಂಟೂ ಅಲ್ಲ, ಶಿವಮೊಗ್ಗದ ಮಳೆಯೂ ಅಲ್ಲ, ಗುಳೇದಗುಡ್ಡದ ಬಟ್ಟೆಯೂ ಅಲ್ಲ. ಅದು ರಟ್ಟು ಕತ್ತರಿಸಿಕೊಡುವ ಅಂಗಡಿಯ ಉಳಿತಾಯ ಬುದ್ಧಿ. ನಿಮ್ಮಲ್ಲೂ ಕೆಲವರು ಇದೇ ಹೊತ್ತಿನಲ್ಲಿ ಮೋಡವನ್ನು ಬೈಯುತ್ತಾ ಕುಳಿತಿರಬಹುದು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫಾರಂ (ಒಟ್ಟಿಗೆ ಮಡಿಸಿ ಹೊಲಿಯುವ ಹಾಳೆಗಳ ಕಂತೆ) ಮಡಿಸುವುದು, ತೂತು ಹಾಕುವುದು, ಬೆನ್ನಿಗೆ ಅಂಟು ಬಳಿಯುವುದು ಇವುಗಳಲ್ಲಿ ಹೇಳುವಂಥ ಬದಲಾವಣೆ ಇಲ್ಲ. ಹೊಲಿಗೆ ಈಗಲೂ ಅತ್ತೆಯವರ ಧಾರಾವಾಹಿಯ ಹೊತ್ತಿನಲ್ಲೇ ನಡೆಯುತ್ತದೆ. ಆ ಧಾರಾವಾಹಿಯಲ್ಲಿ ಒಬ್ಬರು ಒಂದು ಬಾಗಿಲು ತೆರೆಯುವಷ್ಟರಲ್ಲಿ ನಾನು ಒಂದು ಫಾರಂ ಹೊಲಿದು ಮುಗಿಸುತ್ತೇನೆ. ದಾರದ ವ್ಯಾಪಾರಿ ಮಾತ್ರ ಮತ್ತೆ ಲಿನನ್ ಎಂದು ಹೇಳಿ ಪಾಲಿಯೆಸ್ಟರ್ ಕಳಿಸಿದ್ದಾನೆ. ತುದಿಯನ್ನು ಬೆಂಕಿಗೆ ಹಿಡಿದರೆ ಬೂದಿಯಾಗುವ ಬದಲು ಮಣಿಯಂತೆ ಗಂಟು ಕಟ್ಟುವ ಲಿನನ್ನನ್ನು ಅವನು ಎಲ್ಲಿ ಬೆಳೆಯುತ್ತಾನೋ ನಾನು ಕಾಣೆ.

ನನ್ನ ಉಪವ್ಯಾಪಾರದ ಪೂರ್ತಿ ಪಟ್ಟಿ ಇಷ್ಟೇ: ಎ5 ಅಳತೆಯ, ಗೆರೆ ಇಲ್ಲದ, ನೂರು ಜಿಎಸ್‌ಎಂ (ಚದರ ಮೀಟರಿಗೆ ನೂರು ಗ್ರಾಂ) ತೂಕದ ಮ್ಯಾಪ್‌ಲಿಥೊ ಎಂಬ ಮುದ್ರಣ ಕಾಗದದ, ಖಣದ ಹೊದಿಕೆಯ ಒಂದು ಪುಸ್ತಕ. ರಟ್ಟಿನ ಅಳತೆ ಆರು ಇಂಚು ಅಗಲ, ಎಂಟೂವರೆ ಎತ್ತರ. ಬಣ್ಣ ಬದಲಾಗುತ್ತದೆ, ಬೇರೇನೂ ಬದಲಾಗುವುದಿಲ್ಲ. ಕಚೇರಿ ಮುಗಿಸಿ, ಅಡುಗೆ, ಊಟ, ಪಾತ್ರೆ ಎಲ್ಲ ಆಗುವಾಗ ರಾತ್ರಿ ಒಂಬತ್ತು. ಅಲ್ಲಿಂದ ಹನ್ನೊಂದರವರೆಗೆ ನನ್ನ ಹೊತ್ತು, ಬೆಳಿಗ್ಗೆ ಇನ್ನೊಂದು ಅರ್ಧ ಗಂಟೆ. ನಾಲ್ಕು ಗಂಟೆಗೇ ಏಳಿ ಎಂದು ಬುದ್ಧಿ ಹೇಳುವವರು ಬಹಳ ಇದ್ದಾರೆ. ನಾಲ್ಕಕ್ಕೆ ಎದ್ದವಳ ಕೈಗೆ ಕಟ್ಟರ್ ಕೊಟ್ಟರೆ ಬೆರಳುಗಳ ಗತಿ ಏನು ಎಂದು ಅವರು ಯೋಚಿಸಿದಂತಿಲ್ಲ.

ಬೈಂಡಿಂಗ್ ಕೆಲಸದ ಪುಣ್ಯವೆಂದರೆ ಅದರ ಬಹುಪಾಲು ಹೊತ್ತು ಒಣಗುವುದರಲ್ಲೇ ಕಳೆಯುತ್ತದೆ, ಒಣಗಲು ನಾನು ಬೇಕಿಲ್ಲ. ರಾತ್ರಿ ಹೊದಿಕೆ ಅಂಟಿಸಿ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಹಳೆಯ ರುಬ್ಬುವ ಗುಂಡು ಹೇರಿದರೆ ನನ್ನ ಪಾಲು ಮುಗಿಯಿತು. ಬೆಳಿಗ್ಗೆ ಒದ್ದೆಯಾದ ಪತ್ರಿಕೆಯ ಹಾಳೆಗಳನ್ನು ತೆಗೆದು ಒಣ ಹಾಳೆ ಇಡುತ್ತೇನೆ. ಆಮೇಲೆ ನಾನು ಕಚೇರಿಯಲ್ಲಿ ಕಡತ ಮಂಡಿಸುವಾಗ ಮನೆಯಲ್ಲಿ ಪುಸ್ತಕ ತನ್ನ ಪಾಡಿಗೆ ಒಣಗುತ್ತಿರುತ್ತದೆ. ಅಂಟಿನ ಕೆಲಸವೆಲ್ಲ ರಾತ್ರಿಯ ಕೊನೆಗೆ, ಹೊಲಿಗೆ ರಾತ್ರಿಯ ಮೊದಲಿಗೆ. ಈ ಒಂದು ಅದಲುಬದಲಿನಿಂದ ವಾರಕ್ಕೆ ಆಗುವ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹೆಚ್ಚಿನ ಹೊತ್ತು ಎಲ್ಲಿಂದಲೂ ಬರಲಿಲ್ಲ.

ಕಡತ ಎಂದ ಕೂಡಲೇ ಇನ್ನೊಂದು ವಿಷಯ. ನನ್ನ ಮುಂದಿನ ಯೋಜನೆ ಅದೇ, ಕಚೇರಿಯದಲ್ಲ, ಹಳೆಯ ಕಾಲದ ಬಟ್ಟೆಯ ಕಡತ. ಹುಣಸೆ ಬೀಜದ ಸರಿಯಲ್ಲಿ ಇದ್ದಿಲಿನ ಪುಡಿ ಕಲಸಿ, ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿಸಿ, ಉಜ್ಜಿ, ಹಿಂದಕ್ಕೂ ಮುಂದಕ್ಕೂ ಮಡಿಕೆ ಹಾಕಿ, ತುದಿಗೆ ಹಲಗೆ ಕಟ್ಟಿದರೆ ಆಯಿತು. ಬಳಪದಿಂದ ಬರೆಯಬಹುದು, ಅಳಿಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಲೆಕ್ಕಪತ್ರಗಳ ಕಡತಗಳು ಇಂದಿಗೂ ಉಳಿದಿವೆ. ಕಾಗದ ಬೇಡ, ದಾರ ಬೇಡ, ಮುಖ್ಯವಾಗಿ ರಟ್ಟು ಕತ್ತರಿಸುವವನ ಹಂಗೇ ಬೇಡ! ಹುಣಸೆ ಬೀಜವನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ. ದೀಪಾವಳಿ ಮುಗಿಯುವವರೆಗೆ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ.

ಈಗ ಕಳ್ಳನ ಕಥೆ. ಬೇಸಿಗೆಯಲ್ಲಿ ಮಾಡಿದ ಪುಸ್ತಕಗಳು ಮಟ್ಟಸವಾಗಿದ್ದವು. ಮಳೆ ಹಿಡಿದ ಮೇಲೆ ಹಲಗೆಯ ಕೆಳಗಿಂದ ತೆಗೆಯುವಾಗ ಚೆನ್ನಾಗಿಯೇ ಇದ್ದ ಹೊದಿಕೆ ಕಪಾಟಿನಲ್ಲಿ ಕೆಲವು ದಿನ ಕಳೆಯುವಷ್ಟರಲ್ಲಿ ಮೇಲೇಳತೊಡಗಿತು. "ಇದೇನಮ್ಮಾ, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದಿದೆಯಲ್ಲ" ಎಂದು ಅತ್ತೆಯವರು ಒಂದನ್ನು ಎತ್ತಿ ತೋರಿಸಿದರು. ಬೆಂಗಳೂರಿನ ಅಂಗಡಿಯೊಂದು ಒಂದು ಕಟ್ಟನ್ನು ಪೂರ್ತಿಯಾಗಿ ವಾಪಸು ಕಳಿಸಿತು, ಸಾಗಣೆ ವೆಚ್ಚ ನನ್ನ ತಲೆಗೆ.

ಮೊದಲ ಅನುಮಾನ ಎಲ್ಲರಿಗೂ ಬರುವಂತೆ ಅಂಟಿನ ಮೇಲೆ. ಮೈದಾ ಅಂಟಿನಲ್ಲಿ ನೀರು ಹೆಚ್ಚು. ನೀರು ಕುಡಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ. ಅಂಟನ್ನು ಗಟ್ಟಿ ಮಾಡಿ ಫೆವಿಕಾಲ್ ಬೆರೆಸಿದೆ. ಬಾಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಅಂಟಿಗೆ ಹುಳ ಹಿಡಿಯದಿರಲೆಂದು ಹಾಕುವ ಮೈಲುತುತ್ತದ ಮೇಲೂ ಅನುಮಾನ ಬಂತು. ಪಾಪ, ಅದರ ತಪ್ಪೇನೂ ಇಲ್ಲ. ಆಮೇಲೆ ಖಣದ ಸರದಿ. ಬಟ್ಟೆಯ ಹಿಂದೆ ತೆಳು ಕಾಗದ ಅಂಟಿಸಿ ಒಣಗಿಸಿದ ಮೇಲೇ ಹೊದಿಕೆಗೆ ಬಳಸುತ್ತೇನೆ, ಇಲ್ಲದಿದ್ದರೆ ನೇಯ್ಗೆಯ ಸಂದಿನಿಂದ ಅಂಟು ಮೇಲೆ ಬರುತ್ತದೆ. ಆ ತೆಳು ಕಾಗದವೇ ಎಳೆಯುತ್ತಿರಬಹುದೆಂದು ಖಣವನ್ನು ಬಿಟ್ಟು ಅಂಗಡಿಯ ಕ್ಯಾಲಿಕೊ (ಬೈಂಡಿಂಗಿನ ಗಂಜಿ ಹಾಕಿದ ಬಟ್ಟೆ) ಹಾಕಿ ನೋಡಿದೆ. ಅದೂ ಬಾಗಿತು. ಗುಂಡಿನ ಪಕ್ಕಕ್ಕೆ ಇನ್ನೊಂದು ಕಲ್ಲು ಬಂತು. ಕಲ್ಲಿನ ಕೆಳಗಿರುವಷ್ಟು ಹೊತ್ತು ಎಲ್ಲವೂ ಶಿಸ್ತಾಗಿ ಮಲಗಿರುತ್ತಿದ್ದವು, ಹೊರಗೆ ಬಂದ ಮೇಲೆ ಹಳೆಯ ಚಾಳಿ.

ವಾಪಸು ಬಂದ ಕಟ್ಟನ್ನು ಮೇಜಿನ ಮೇಲೆ ಹರವಿಕೊಂಡು ಕುಳಿತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಹಳಷ್ಟು ಪುಸ್ತಕಗಳಲ್ಲಿ ಬಾಗಿದ್ದು ಒಂದು ಕಡೆಯ ಹೊದಿಕೆ ಮಾತ್ರ. ಮುಂದಿನದು ಎದ್ದಿದೆ, ಹಿಂದಿನದು ಮಟ್ಟಸ. ಇನ್ನೊಂದರಲ್ಲಿ ಹಿಂದಿನದು ಎದ್ದಿದೆ, ಮುಂದಿನದು ಮಟ್ಟಸ. ಎರಡಕ್ಕೂ ಅದೇ ರಾತ್ರಿಯ ಅದೇ ಅಂಟು, ಅದೇ ಖಣದ ತುಂಡು, ಅದೇ ಗುಂಡಿನ ಭಾರ, ಕಿಟಕಿಯಾಚೆ ಅದೇ ಮಳೆ. ಬಾಗುವ ರೀತಿಯಲ್ಲೂ ವ್ಯತ್ಯಾಸವಿತ್ತು. ಸರಿಯಾದ ರಟ್ಟು ಒಳಗಿನ ಹಾಳೆಗಳ ಕಡೆಗೆ ತುಸುವೇ ತುಸು ವಾಲಿ ನಿಂತಿತ್ತು, ಅದು ಇರಬೇಕಾದದ್ದೇ. ಕೆಟ್ಟದ್ದರಲ್ಲಿ ಮೇಲಿನ ಮತ್ತು ಕೆಳಗಿನ ಅಂಚುಗಳು ಎದ್ದಿದ್ದವು, ಕೆಲವು ಮೂಲೆಯಿಂದ ಮೂಲೆಗೆ ತಿರುಚಿಕೊಂಡಿದ್ದವು.

ಮಾವನವರು ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1936ರಲ್ಲಿ ಹುಟ್ಟಿದ ಆ ಕಾರ್ಖಾನೆಯ ಯಂತ್ರಗಳು ಈಗ ನಿಂತಿವೆ, ಮಾವನವರ ಪಾಠ ನಿಂತಿಲ್ಲ. ತಿರುಳಿನ ನೀರು ಓಡುವ ಜಾಲರಿಯ ಮೇಲೆ ಬಿದ್ದಾಗ ನಾರುಗಳೆಲ್ಲ ಓಟದ ದಿಕ್ಕಿಗೆ ಮಲಗುತ್ತವೆ ಎಂಬುದನ್ನು ಅವರು ನನಗೆ ಹೇಳುತ್ತಲೇ ಬಂದಿದ್ದಾರೆ. ಒದ್ದೆಯಾದಾಗ ಕಾಗದ ಹಿಗ್ಗುವುದು ನಾರಿಗೆ ಅಡ್ಡಲಾಗಿ, ಉದ್ದಕ್ಕೆ ಅತಿ ಕಡಿಮೆ. ಅದಕ್ಕೇ ಹಾಳೆಗಳ ನಾರು ಬೆನ್ನಿಗೆ ಸಮಾನಾಂತರ ಇರಬೇಕು ಎಂದು ನಾವೆಲ್ಲ, ಮಡಿಸಿದರೆ ಸಾಮಾನ್ಯವಾಗಿ ನಾರು ಅಡ್ಡವಾಗುವ ಎ4 ರೀಮನ್ನು ಬಿಟ್ಟು ದೊಡ್ಡ ಹಾಳೆ ತಂದು ಒದ್ದಾಡುವುದು. ಮಾವನವರು ಎರಡು ಪುಸ್ತಕ ತಿರುವಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕಾಗದ ಸರಿಯಾಗಿದೆ ಕಣಮ್ಮ. ರಟ್ಟು ಯಾರು ಕತ್ತರಿಸಿದ್ದು?"

ರಟ್ಟು ಕತ್ತರಿಸುವುದು ಅಂಗಡಿಯ ಮಿಷನ್ನು. ನನ್ನ ಕಟ್ಟರ್‌ಗೆ ಆ ದಪ್ಪ ಎಳೆಯಲು ಒಂದು ಸಂಜೆ ಬೇಕು. ಅಂಗಡಿಯ ಹಾಳೆ ಇಪ್ಪತ್ತೈದು ಇಂಚು ಅಗಲ, ಮೂವತ್ತು ಉದ್ದ, ನಾರು ಓಡುವುದು ಇಪ್ಪತ್ತೈದರ ದಿಕ್ಕಿಗೆ. ಎಂಟೂವರೆಯನ್ನು ಇಪ್ಪತ್ತೈದರ ಕಡೆಗೆ ಇಟ್ಟರೆ ಎರಡು ಸಾಲು, ಆರನ್ನು ಮೂವತ್ತರ ಕಡೆಗೆ ಇಟ್ಟರೆ ಐದು, ಒಟ್ಟು ಹತ್ತು ತುಂಡು. ಎಂಟು ಇಂಚು ಅಗಲದ ಒಂದು ಪಟ್ಟಿ ಉಳಿಯುತ್ತದೆ. ಕತ್ತರಿಸುವ ಅಣ್ಣ ಆ ಪಟ್ಟಿಯನ್ನು ನೋಡಿ ಸುಮ್ಮನಿರುವ ಜಾತಿಯಲ್ಲ. ತುಂಡನ್ನು ಅಡ್ಡ ತಿರುಗಿಸಿದರೆ ಅದರಲ್ಲಿ ಇನ್ನೂ ಮೂರು ಬರುತ್ತವೆ! ಹದಿಮೂರನ್ನೂ ಒಟ್ಟಿಗೆ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ನಗುನಗುತ್ತಾ ಕೊಡುತ್ತಾನೆ. ಹತ್ತರ ನಾರು ನೆಟ್ಟಗೆ, ಮೂರರದು ಅಡ್ಡ. ನಾನು ಕಟ್ಟಿನಿಂದ ಕೈಗೆ ಸಿಕ್ಕ ಎರಡನ್ನು ಎತ್ತಿಕೊಂಡು ಪುಸ್ತಕ ಕಟ್ಟುತ್ತಿದ್ದೆ.

ನಾರು ನೆಟ್ಟಗಿರುವ ರಟ್ಟಿನಲ್ಲಿ ಹೊರಗಿನ ಖಣದ ಎಳೆತವೂ ಒಳಗಿನ ಎಂಡ್‌ಪೇಪರಿನ (ರಟ್ಟಿನ ಒಳಮೈಗೆ ಅಂಟಿಸುವ ಹಾಳೆಯ) ಎಳೆತವೂ ಒಂದೇ ಗೆರೆಯಲ್ಲಿ ಎದುರುಬದುರಾಗಿ ನಿಂತು ಒಂದನ್ನೊಂದು ತಡೆಯುತ್ತವೆ. ಅಡ್ಡ ನಾರಿನ ರಟ್ಟು ತೇವ ಹೀರಿ ಮೇಲೆ-ಕೆಳಗೆ ಹಿಗ್ಗಲು ಹೊರಡುತ್ತದೆ. ಎರಡು ಬದಿಯ ಕಾಗದಗಳೂ ಆ ದಿಕ್ಕಿಗೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಅದು ಅಂಚಿನಲ್ಲಿ ಏಳುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ಬೇಸಿಗೆಯಲ್ಲೂ ಇದೇ ಕಲಬೆರಕೆಯ ಕಟ್ಟುಗಳೇ ಬರುತ್ತಿದ್ದವು. ಆಗ ಗಾಳಿಯಲ್ಲಿ ತೇವ ಇಲ್ಲದ್ದರಿಂದ ಎಲ್ಲವೂ ಸಾಧುಗಳಂತೆ ಇದ್ದವು, ಅಷ್ಟೇ. ಮಳೆ ಚಾಡಿ ಹೇಳಿತೇ ಹೊರತು ತಪ್ಪು ಮಾಡಲಿಲ್ಲ.

ಕತ್ತರಿಸಿದ ಆಯತದ ತುಂಡನ್ನು ಬಗ್ಗಿಸಿ ನಾರಿನ ದಿಕ್ಕು ಹಿಡಿಯಲು ಹೋಗಬೇಡಿ, ಉದ್ದ ಬದಿ ಹೇಗೂ ಸುಲಭವಾಗಿ ಬಗ್ಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೂಲೆಯಿಂದ ಒಂದು ಚಿಕ್ಕ ಚೌಕ ತೆಗೆದು, ಅದರ ಮೇಲಿನ ಪದರವನ್ನು ಸುಲಿದು, ಒಂದು ಮೈಯನ್ನು ಮಾತ್ರ ಒದ್ದೆ ಮಾಡಿ. ಅದು ಸುರುಳಿಯಾಗುತ್ತದೆ, ಸುರುಳಿಯ ಕೊಳವೆ ಯಾವ ಕಡೆಗೆ ಮಲಗಿದೆಯೋ ಅದೇ ನಾರಿನ ದಿಕ್ಕು. ಹೀಗೆ ಗುರುತಿಸಿ, ಬೇಕೆಂದೇ ಒಂದು ನೆಟ್ಟ ರಟ್ಟು, ಒಂದು ಅಡ್ಡ ರಟ್ಟು ಹಾಕಿ ಪುಸ್ತಕ ಕಟ್ಟಿದೆ. ಇನ್ನೊಂದರಲ್ಲಿ ಹಿಂದುಮುಂದು ಮಾಡಿದೆ. ಎರಡನ್ನೂ ಬಚ್ಚಲ ಗೋಡೆಗೆ ಅಂಟಿದ ಕಪಾಟಿನಲ್ಲಿ ಇಟ್ಟೆ. ಎದ್ದದ್ದು ಎರಡರಲ್ಲೂ ಅಡ್ಡ ರಟ್ಟೇ. ಆ ಬೆಳಿಗ್ಗೆ ಕಚೇರಿಗೆ ತಡವಾಗಿ ಹೋದೆ, ಕಾರಣ ಹೇಳಿದರೆ ಅರ್ಥವಾಗುವವರು ಅಲ್ಲಿ ಯಾರೂ ಇಲ್ಲ.

ಅಂಗಡಿಗೆ ಹೋಗಲು ಎರಡನೇ ಶನಿವಾರ ಬರಬೇಕಿತ್ತು. ನಾನು ಕಚೇರಿಯಲ್ಲಿರುವಾಗಲೆಲ್ಲ ಅದು ತೆರೆದಿರುತ್ತದೆ, ನನಗೆ ಬಿಡುವಾದ ಭಾನುವಾರ ಮುಚ್ಚಿರುತ್ತದೆ. ವಿಷಯ ವಿವರಿಸಿದಾಗ ಅಣ್ಣನಿಗೆ ಬೇಸರವಾಯಿತು. "ಮೇಡಂ, ಹತ್ತು ಬರುವ ಕಡೆ ಹದಿಮೂರು ತೆಗೆದುಕೊಟ್ಟಿದ್ದೇನೆ. ಬೇರೆಯವರಾದರೆ ಟೀ ಕೊಡಿಸುತ್ತಾರೆ." ಟೀ ಕೊಡಿಸಿದೆ. ಈಗ ಕತ್ತರಿಸುವ ಮೊದಲು ಇಡೀ ಹಾಳೆಯ ಮೇಲೆ ನಾರಿನ ದಿಕ್ಕಿಗೆ ನೀಲಿ ಪೆನ್ಸಿಲ್‌ನಿಂದ ಗೆರೆಗಳನ್ನು ಎಳೆದು ಕೊಡುತ್ತೇನೆ. ಯಾವ ತುಂಡು ಎತ್ತಿದರೂ ಗೆರೆ ಎಂಟೂವರೆಯ ಬದಿಗೆ ಸಮನಾಗಿ ಓಡಬೇಕು, ಇಲ್ಲದಿದ್ದರೆ ಆ ತುಂಡು ಹೊರಗೆ. ಅಣ್ಣ ಇದನ್ನು ನನ್ನ ಹರಕೆ ಎಂದುಕೊಂಡಿದ್ದಾನೆ. ಇರಲಿ. ಪುಸ್ತಕವೊಂದಕ್ಕೆ ರಟ್ಟಿನ ಖರ್ಚು ಶೇಕಡಾ ಮೂವತ್ತು ಏರಿತು, ಆದರೂ ಖಣ ಮತ್ತು ದಾರದ ಮುಂದೆ ರಟ್ಟಿನ ಲೆಕ್ಕ ಏನೂ ಅಲ್ಲ.

ಜುಲೈನಲ್ಲಿ ನನಗೆ ಇನ್ನಷ್ಟು ಕೆಲಸ ಬಂದಿತ್ತು. ಒಬ್ಬರಿಗೆ ಫೋಟೊ ಆಲ್ಬಂ, ಮದುವೆ ಮನೆಯೊಂದಕ್ಕೆ ಉಡುಗೊರೆ ಕೊಡಲು ಪುಟ್ಟ ಡೈರಿ, ಕಚೇರಿಯ ಗೆಳತಿಗೆ ಫೈಲು. ಎಲ್ಲಕ್ಕೂ ಇಲ್ಲ ಎಂದೆ. ಆಗ ಅದು ಬರೀ ಸುಸ್ತಿನಿಂದ ಬಂದ ಮಾತು, ಶಿಸ್ತು ಗಿಸ್ತು ಏನಿರಲಿಲ್ಲ. ಈಗ ನೋಡಿದರೆ ಕಳ್ಳ ಸಿಕ್ಕಿದ್ದೇ ಅದರಿಂದ. ನಾಲ್ಕು ಅಳತೆ, ನಾಲ್ಕು ಬಗೆಯ ರಟ್ಟು, ಬೇರೆ ಬೇರೆ ಅಂಟು ಇದ್ದಿದ್ದರೆ ಬಾಗಿದ ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣ ಹೊಂದಿಸಿಕೊಂಡು ಇಡೀ ಮಳೆಗಾಲ ಕಳೆಯುತ್ತಿದ್ದೆ. ಮಿಕ್ಕಿದ್ದೆಲ್ಲ ಒಂದೇ ಆಗಿದ್ದರಿಂದ ಬೇರೆಯಾದದ್ದು ಬೇರೆಯಾಗಿಯೇ ಕಂಡಿತು. ದಿನಕ್ಕೆ ಎರಡು ಗಂಟೆ ಇರುವವರಿಗೆ ಒಂದೇ ವಸ್ತು ಮಾಡಿ ಎನ್ನಲು ನನ್ನ ಬಳಿ ಇರುವ ಕಾರಣ ಇದೊಂದೇ.

ಇಷ್ಟೆಲ್ಲ ಬರೆದ ಮೇಲೆ ಉಳಿಯುವುದು ಆ ಎಂಟು ಇಂಚಿನ ಪಟ್ಟಿಗಳ ಸಮಸ್ಯೆ. ಅವು ಬೀರುವಿನ ಹಿಂದೆ ಬೆಳೆಯುತ್ತಿವೆ. ಐದು ಇಂಚು ಅಗಲ, ಏಳೂವರೆ ಎತ್ತರದ ಪುಸ್ತಕ ಮಾಡಿದರೆ ಒಂದು ಪಟ್ಟಿಯಿಂದ ಆರು ರಟ್ಟು, ಅದೂ ನಾರು ನೆಟ್ಟಗಿರುವವು, ಅಂದರೆ ಮೂರು ಪುಸ್ತಕ ಪುಕ್ಕಟೆ. ಹೊದಿಕೆಗೆ ಅಬ್ರಿ, ಅಂದರೆ ಬಣ್ಣದ ಅಲೆಗಳ ವಿನ್ಯಾಸದ ಕಾಗದ ಹಾಕಬಹುದು. 17ನೇ ಶತಮಾನದ ಬಿಜಾಪುರದ ಚಿತ್ರಕಾರರು ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಎತ್ತಿಕೊಂಡು ಸೊರಗಿದ ಕುದುರೆಗಳ ಚಿತ್ರವನ್ನೇ ಮಾಡಿದ್ದಾರೆ. ಮೆಂತ್ಯ ನೆನೆಸಿದ ಲೋಳೆ ನೀರಿನ ಮೇಲೂ ಬಣ್ಣ ತೇಲುತ್ತದೆ, ಕಾಗದಕ್ಕೆ ಮೊದಲು ಪಟಿಕದ ನೀರು ಹಚ್ಚಿರಬೇಕು ಅಷ್ಟೇ. ಅಡುಗೆಮನೆಯಲ್ಲಿ ಮೆಂತ್ಯ ಇದೆ. ಹುಣಸೆ ಬೀಜದ ಡಬ್ಬಿಯ ಪಕ್ಕದಲ್ಲೇ ಇದೆ.

ಸದ್ಯಕ್ಕೆ ದೀಪಾವಳಿಯ ಬೇಡಿಕೆ ಮುಗಿಯಬೇಕು. ವಾಪಸು ಬಂದ ಕಟ್ಟಿನಲ್ಲಿ ಬಾಗಿದ ರಟ್ಟುಗಳನ್ನು ಬಿಚ್ಚಿ ಬದಲಾಯಿಸುತ್ತಿದ್ದೇನೆ, ಖಣ ಮಾತ್ರ ಬಿಡಿಸುವಾಗ ಹಿಂದಿನ ತೆಳು ಕಾಗದದ ಸಮೇತ ಹರಿದು ಬರುತ್ತಿದೆ. ಹಬೆ ಹಿಡಿದು ನೋಡಿದೆ, ಬಣ್ಣ ಬಿಟ್ಟಿತು. ಫೆವಿಕಾಲ್ ಬೆರೆತ ಅಂಟಿನಿಂದ ಬಟ್ಟೆಯನ್ನು ಕೆಡದಂತೆ ಬಿಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಉಪಾಯ ತಿಳಿಸಿ. ಇಪ್ಪತ್ತೈದು-ಮೂವತ್ತರ ಇಡೀ ರಟ್ಟನ್ನು ಮಳೆಯಲ್ಲಿ ಸ್ಕೂಟರ್ ಮೇಲೆ ತರುವ ಉಪಾಯ ಗೊತ್ತಿದ್ದರೆ ಅದನ್ನೂ ತಿಳಿಸಿ. ಟೀ ಖರ್ಚು ಉಳಿಯುತ್ತದೆ.