‘ತೆಗೀರಿ’ ಅಂದರೆ ಯಾವುದನ್ನ?

12 ಮಾರ್ಚ್ 2025, ಬುಧವಾರ

ಬೆಳಿಗ್ಗೆ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ನಡೆದದ್ದು ಎರಡು ಸೆಕೆಂಡಿನ ಮಾತು. ರಾತ್ರಿಯಾದರೂ ತಲೆಯಿಂದ ಹೋಗುತ್ತಿಲ್ಲ. ಬರೆದಿಟ್ಟೇ ಮಲಗುತ್ತೇನೆ.

ಪ್ರಾಸ್ಟೇಟ್ ಕೇಸು. ರೋಗಿಯ ತಲೆ ಕೆಳಗೆ, ಕಾಲು ಮೇಲೆ ಬರುವಂತೆ ಟೇಬಲ್ ಓರೆ ಮಾಡಿ, ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಪೋರ್ಟ್ (ಇನ್‌ಸ್ಟ್ರುಮೆಂಟ್ ಒಳಗೆ ಹೋಗುವ ಕೊಳವೆ) ಹಾಕಿ ರೋಬೋಟ್ ಡಾಕ್ ಮಾಡಿದೆವು, ಅಂದರೆ ಅದರ ಕೈಗಳನ್ನು, ಆರ್ಮ್‌ಗಳನ್ನು, ಆ ಪೋರ್ಟ್‌ಗಳಿಗೆ ಜೋಡಿಸಿದೆವು. ಡ್ರೇಪ್ ಎಂಬ ಶುದ್ಧ ಹೊದಿಕೆ ಹೊದ್ದ ನಾಲ್ಕು ಆರ್ಮ್‌ಗಳು ಬಾಗಿ ನಿಂತ ಮೇಲೆ ಅರಿವಳಿಕೆ ಮೇಡಂಗೆ ರೋಗಿಯ ಮುಖ ಮುಟ್ಟುವುದಕ್ಕೂ ಜಾಗ ಸಾಲದು. ನಮ್ಮ ಸರ್ಜನ್ ಸರ್ ಗೌನು, ಗ್ಲೌಸ್ ಬಿಚ್ಚಿ ಏಳೆಂಟು ಹೆಜ್ಜೆ ಆಚೆ ಇರುವ ಕನ್ಸೋಲಿಗೆ (ಕೂತು ರೋಬೋಟ್ ನಡೆಸುವ ಜಾಗಕ್ಕೆ) ಹೋಗಿ ಕೂತು ತಲೆ ಒಳಗಿಟ್ಟರು.

ಅಲ್ಲಿಂದ ಅವರಿಗೆ ಹೊಟ್ಟೆಯ ಒಳಗಿನದು ಹಲವು ಪಟ್ಟು ದೊಡ್ಡದಾಗಿ, ಆಳದ ಸಮೇತ ಕಾಣುತ್ತದೆ. ಕೈ ನಡುಗಿದರೂ ಯಂತ್ರ ಆ ನಡುಕವನ್ನು ಸೋಸಿಬಿಡುತ್ತದೆ. ಕಾಣದೇ ಇರುವುದು ನಾವು. ಹೊಟ್ಟೆ ತೆರೆದು ಮಾಡುವ ಆಪರೇಷನ್ನಿನಲ್ಲಿ ಅವರು ಕೈ ಚಾಚುವಷ್ಟರಲ್ಲಿ ಬೇಕಾದ ಇನ್‌ಸ್ಟ್ರುಮೆಂಟ್ ನಾನು ಕೈಗಿಟ್ಟಿರುತ್ತಿದ್ದೆ. ಮಾಸ್ಕಿನ ಮೇಲಿನ ಕಣ್ಣು ನೋಡಿದರೆ ಸಾಕಿತ್ತು. ಈಗ ಆ ಕಣ್ಣು ಕನ್ಸೋಲಿನ ಒಳಗೆ. ನಮಗೆ ಉಳಿದಿರುವುದು ಸ್ಪೀಕರಿನಲ್ಲಿ ಬರುವ ದನಿ ಮಾತ್ರ.

ಮೂರನೇ ಆರ್ಮ್‌ನ ಗ್ರಾಸ್ಪರ್ (ಅಂಗಾಂಶ ಹಿಡಿಯುವ ಇಕ್ಕಳ) ಮೂತ್ರಕೋಶವನ್ನು ಕಚ್ಚಿ ಮೇಲಕ್ಕೆ ಎಳೆದು ಹಿಡಿದಿತ್ತು. ಪಕ್ಕದಲ್ಲಿ ನಿಂತಿದ್ದ ಅಸಿಸ್ಟೆಂಟ್ ಡಾಕ್ಟರು ಹೊಸಬರು. ಅವರ ಕೈಯಲ್ಲೂ ಒಂದು ಗ್ರಾಸ್ಪರ್, ಅದೂ ಅಂಗಾಂಶ ಹಿಡಿದಿತ್ತು. ಸ್ಪೀಕರಿನಲ್ಲಿ ಸರ್ ದನಿ: “ಗ್ರಾಸ್ಪರ್ ತೆಗೀರಿ.”

ನಮ್ಮ ಮಾತಿನಲ್ಲಿ ಬಾಗಿಲನ್ನೂ ತೆಗೆಯುತ್ತೇವೆ, ಮುಳ್ಳನ್ನೂ ತೆಗೆಯುತ್ತೇವೆ. ಸರ್ ಹೇಳಿದ್ದು ಅಸಿಸ್ಟೆಂಟ್ ಕೈಯಲ್ಲಿದ್ದುದರ ಬಾಯಿ ತೆಗೆಯಿರಿ ಅಂತ. ಡಾಕ್ಟರಿಗೆ ಕೇಳಿಸಿದ್ದು ಮೂರನೇ ಆರ್ಮ್‌ನಿಂದ ಇನ್‌ಸ್ಟ್ರುಮೆಂಟ್ ಬಿಚ್ಚಿ ಹೊರಗೆ ಎಳೆಯಿರಿ ಅಂತ. ಅವರ ಬೆರಳು ಬಿಡುಗಡೆಯ ಗುಂಡಿಯ ಮೇಲೆ ಹೋಗಿದ್ದನ್ನು ಕಂಡೆ. ಮಾನಿಟರಿನಲ್ಲಿ ಗ್ರಾಸ್ಪರಿನ ಬಾಯಿ ಇನ್ನೂ ಮುಚ್ಚಿಯೇ ಇತ್ತು. ಹಾಗೇ ಎಳೆದಿದ್ದರೆ ಕಚ್ಚಿಕೊಂಡಿದ್ದ ಮೂತ್ರಕೋಶ ಹರಿಯುತ್ತಿತ್ತು.

“ನಿಲ್ಲಿ! ಮೂರರ ಬಾಯಿ ಮುಚ್ಚಿದೆ!” ಎಂದು ಕೂಗಿದೆ. ಡಾಕ್ಟರ ಕೈ ಅಲ್ಲೇ ನಿಂತಿತು. ಸರ್ ತಲೆ ಹೊರಗೆ ತಂದರು. ಅವರ ತಲೆ ಆಚೆ ಬಂದರೆ ಆರ್ಮ್‌ಗಳು ಇದ್ದಲ್ಲೇ ಸ್ತಬ್ಧ. ಯಾರೂ ಯಾರನ್ನೂ ಬೈಯಲಿಲ್ಲ. ಸರ್ ಒಂದು ಕ್ಷಣ ನೋಡಿ, “ಸರಿಯಾಗಿ ಹೇಳಿದಿರಿ ಸಿಸ್ಟರ್, ತಪ್ಪು ನನ್ನದು” ಅಂದರು. ಆ ಮಾತು ಹೊಸ ಡಾಕ್ಟರ ಕಿವಿಗೂ ಬಿತ್ತಲ್ಲ, ನನಗೆ ಅದೇ ದೊಡ್ಡದು. ಇನ್ನು ಅವರಿಗೂ ಕೂಗುವ ಧೈರ್ಯ ಬರುತ್ತದೆ.

ನಮ್ಮ ಯಂತ್ರದಲ್ಲಿ ಎಳೆತದ ಬಿಗಿ ಸರ್ಜನ್ ಕೈಗೆ ತಿಳಿಯುವುದಿಲ್ಲ. ಅಂಗಾಂಶ ಬಿಳಿಚುವುದನ್ನು, ದಾರ ಬಿಗಿಯುವುದನ್ನು ಕಣ್ಣಿನಲ್ಲೇ ಅಳೆಯಬೇಕು. ಹೊರಗಡೆಯದಂತೂ ಪೂರಾ ನಮ್ಮ ಪಾಲು: ಆರ್ಮ್‌ಗಳು ಒಂದಕ್ಕೊಂದು ತಾಗುತ್ತಿವೆಯೇ, ರೋಗಿಯ ತೊಡೆಯ ಮೇಲೆ ಭಾರ ಬಿದ್ದಿದೆಯೇ. ನಾನು ಆಗಾಗ ಆರ್ಮ್‌ಗೂ ಮೈಗೂ ನಡುವೆ ಕೈ ತೂರಿಸಿ ನೋಡುತ್ತೇನೆ. ನನ್ನ ಅಂಗೈ ಸಲೀಸಾಗಿ ಹೋಗಬೇಕು. ನಿದ್ದೆಯಲ್ಲಿರುವ ಮನುಷ್ಯ ನೋಯುತ್ತಿದೆ ಅಂತ ಹೇಳಲಾರ.

ಕೇಸ್ ಮುಗಿದ ಮೇಲೆ ಹೊಸ ಡಾಕ್ಟರು, “ಮುಂದೆ ಸರ್ಜನ್ ಬೇರೆ ಊರಲ್ಲೇ ಕೂತು ಮಾಡ್ತಾರಂತಲ್ಲ ಸಿಸ್ಟರ್?” ಅಂದರು. ಅದು 2001ರಲ್ಲೇ ಆಗಿದೆ. ಸೆಪ್ಟೆಂಬರ್ 7ರಂದು ಜಾಕ್ ಮರೆಸ್ಕೊ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ಮಹಿಳೆಯ ಪಿತ್ತಕೋಶ ತೆಗೆದರು. ನಾನು ಆ ಸುದ್ದಿ ಓದುವಾಗೆಲ್ಲ ಯೋಚಿಸುವುದು ಸ್ಟ್ರಾಸ್‌ಬರ್ಗಿನ ಟೇಬಲ್ ಪಕ್ಕ ನಿಂತಿದ್ದ ತಂಡದ ಬಗ್ಗೆ. ಏನಾದರೂ ಕೈಮೀರಿದ್ದರೆ ಆಕೆಯ ಹೊಟ್ಟೆಗೆ ಕೈ ಹಾಕಬೇಕಾಗಿದ್ದವರು ಅವರೇ. ಡಾಕ್ಟರಿಗೂ ಇದನ್ನೇ ಹೇಳಿದೆ.

ಸಂಜೆ ಎಲ್ಲರೂ ಕೂತು ಮಾತು ಗೊತ್ತುಮಾಡಿಕೊಂಡೆವು. ‘ತೆಗೀರಿ’ ಇನ್ನು ಓಟಿಯಲ್ಲಿ ಬೇಡ. ‘ಬಾಯಿ ಬಿಡಿಸಿ’ ಅಥವಾ ‘ಹೊರಗೆ ಎಳೀರಿ’, ಅದರ ಜೊತೆಗೆ ಆರ್ಮ್ ನಂಬರು, ಇಲ್ಲವೇ ‘ಅಸಿಸ್ಟೆಂಟ್’. ಕೇಳಿಸಿಕೊಂಡವರು ಅದನ್ನೇ ಮರಳಿ ಹೇಳಿ ಆಮೇಲೆ ಕೈ ಹಾಕಬೇಕು. ತುರ್ತು ಅನ್‌ಡಾಕ್ (ರೋಬೋಟನ್ನು ರೋಗಿಯಿಂದ ಬೇರ್ಪಡಿಸುವುದು) ಕೂಡ ಒಂದು ಸಲ ಮಾಡಿ ನೋಡಿದೆವು: ರಕ್ತ ಚಿಮ್ಮಿದರೆ ಇನ್‌ಸ್ಟ್ರುಮೆಂಟ್ ಯಾರು ಬಿಚ್ಚುವುದು, ಯಂತ್ರವನ್ನು ಯಾರು ಹಿಂದಕ್ಕೆ ಎಳೆಯುವುದು. ಯಂತ್ರ ನಿಂತು ಗ್ರಾಸ್ಪರಿನ ಬಾಯಿ ಕಚ್ಚಿಕೊಂಡೇ ಉಳಿದರೆ ಕೈಯಿಂದ ಬಿಡಿಸಲು ಒಂದು ಪುಟ್ಟ ಕೀ ಇದೆ. ಅದು ಎಲ್ಲಿರುತ್ತದೆ ಅಂತ ಕೇಳಿದಾಗ ಐವರಲ್ಲಿ ಇಬ್ಬರಿಗೆ ಗೊತ್ತಿರಲಿಲ್ಲ. ಟ್ರಾಲಿಯ ಮೇಲಿನ ಅರೆಯಲ್ಲಿಟ್ಟು ಕೆಂಪು ಟೇಪು ಅಂಟಿಸಿ ಬಂದಿದ್ದೇನೆ.

ನಾಳೆ ಮೊದಲ ಕೇಸು ಎಂಟಕ್ಕೆ, ಕಿಡ್ನಿಯದು. ಅದೇ ಹೊಸ ಡಾಕ್ಟರು ನನ್ನ ಪಕ್ಕ.